ಕೈ ಮುಗಿಯುವವರೂ ಪ್ರಶ್ನೆ ಕೇಳುತ್ತಾರೆ

ಮಹಾಶಿವರಾತ್ರಿ ಹತ್ತಿರ ಬಂತೆಂದರೆ ಕೊಳ್ಳೇಗಾಲದಿಂದ ಕಾಮಗೆರೆ, ಹನೂರು, ಕೌದಳ್ಳಿ ಹಾದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯ ಅಂಚೆಲ್ಲ ಕಾಲ್ನಡಿಗೆಯ ಭಕ್ತರಿಂದ ತುಂಬಿಹೋಗುತ್ತದೆ. ಬಿಸಿಲಲ್ಲಿ ಬಸವಳಿದು ಬಂದವರಿಗೆ ದಾರಿಯುದ್ದಕ್ಕೂ ಊರವರು, ಹರಕೆ ಹೊತ್ತವರು ನೀರು, ಮಜ್ಜಿಗೆ, ಅನ್ನ ಕೊಡುತ್ತಾರೆ. ಕುಡಿದವರು ಕೊಟ್ಟವರ ಹೆಸರು ಕೇಳುವುದಿಲ್ಲ; ‘ಉಘೇ ಮಾದಪ್ಪ’ ಎಂದು ಖಾಲಿ ಲೋಟ ಇಟ್ಟು ಮುಂದೆ ನಡೆಯುತ್ತಾರೆ. ಅದೇ ಬೆಟ್ಟದ ಆಸುಪಾಸಿನ ಕೆಲವು ಕಾಡಂಚಿನ ಹಳ್ಳಿಗಳಿಂದ ಕಾಯಿಲೆಯವರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಲಕ್ಷಾಂತರ ಜನ ಬರುವ ಕ್ಷೇತ್ರದ ಮಗ್ಗುಲಲ್ಲೇ ಹೀಗೇಕೆ? ಮಜ್ಜಿಗೆಗೆ ಕೈ ಮುಗಿಯುವುದೂ ಡೋಲಿ ಕಂಡು ಹುಬ್ಬೇರಿಸುವುದೂ ಒಬ್ಬನೇ ಮನುಷ್ಯನಿಗೆ ಸಾಧ್ಯ ಮಾತ್ರವಲ್ಲ, ಒಂದು ಬಲ್ಲವನಿಗೇ ಇನ್ನೊಂದೂ ಚೆನ್ನಾಗಿ ಬರುತ್ತದೆ ಎಂಬುದು ನನ್ನ ವಾದ.

ದಿನವೂ ಸಿಗುವುದು ಕಣ್ಣಿಗೆ ಬೀಳುವುದಿಲ್ಲ ಎಂಬುದು ಹಳೆಯ ಅನುಭವ. ಅಮೆರಿಕದ ಮನಶ್ಶಾಸ್ತ್ರಜ್ಞರು ಅದನ್ನು ಅಳೆದು ನೋಡಿದ್ದೂ ಉಂಟು. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೊಡ್ಡ ಲಾಟರಿ ಹೊಡೆದ 22 ಮಂದಿಯನ್ನು ನೆರೆಹೊರೆಯ ಸಾಮಾನ್ಯರೊಂದಿಗೆ ಹೋಲಿಸಿದರು. ಗೆದ್ದವರ ಸುಖ ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಬೆಳಗಿನ ತಿಂಡಿ, ಗೆಳೆಯರ ಜೊತೆ ಮಾತು, ಒಂದು ನಗೆಹನಿ, ಇಂಥವುಗಳಿಂದ ಅವರಿಗೆ ಸಿಗುತ್ತಿದ್ದ ಸಂತೋಷವಂತೂ ಕಡಿಮೆಯೇ ಆಗಿತ್ತು. (ನಿಯತಕಾಲಿಕ ಓದುವುದೂ ಆ ಪಟ್ಟಿಯಲ್ಲಿತ್ತು, ನಮ್ಮಂಥ ಬರಹಗಾರರಿಗೆ ಇದು ಒಳ್ಳೆಯ ಸುದ್ದಿಯಲ್ಲ.) 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಕೆಲವು ವಿದ್ಯಾರ್ಥಿಗಳಿಂದ ಹತ್ತು ವಾರ ತಮಗೆ ಸಿಕ್ಕ ಒಳಿತುಗಳನ್ನೂ, ಇನ್ನು ಕೆಲವರಿಂದ ಕಿರಿಕಿರಿಗಳನ್ನೂ ಬರೆಸಿದರು. ಒಳಿತು ಬರೆದವರು ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದಿದ್ದರು. ಮುಂದಿನ ಅಧ್ಯಯನಗಳಲ್ಲಿ ಈ ಲಾಭ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ, ನಿಜ. ಆದರೂ ಕಣ್ಣಿಟ್ಟು ನೋಡಿದರೆ ಕಾಣುತ್ತದೆ ಎಂಬಷ್ಟು ಮಾತು ನಿಲ್ಲುತ್ತದೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪವೆಂದರೆ, ‘ಇದ್ದುದರಲ್ಲೇ ತೃಪ್ತಿಪಡಿ’ ಎಂಬ ಉಪದೇಶ ಯಾವಾಗಲೂ ಹೊಟ್ಟೆ ತುಂಬಿದವರಿಂದ ಹಸಿದವರ ಕಡೆಗೇ ಹರಿಯುತ್ತದೆ ಎಂಬುದು. ಆಕ್ಷೇಪ ಸರಿಯಾದದ್ದೇ. ಆದರೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬ ಮಾಡಿ ಮೊದಲು ದೇವರಿಗೆ ಇಟ್ಟು ಆಮೇಲೆ ತಾವು ತಿನ್ನುವ ಜನ ಅವರು. ಹೆಜ್ಜೇನು ಇಳಿಸುವಾಗ ಹುಟ್ಟನ್ನು ಪೂರ್ತಿ ಕೊಯ್ಯದೆ ಒಂದು ಪಾಲನ್ನು ಕಾಡಿಗೇ ಬಿಡುತ್ತಾರೆ. ನೆಲ್ಲಿಕಾಯಿಯಲ್ಲೂ ಪ್ರಾಣಿಗಳ ಪಾಲು ಮರದಲ್ಲೇ ಉಳಿಯುತ್ತದೆ. ಇಷ್ಟು ಲೆಕ್ಕವಿಟ್ಟು ತೆಗೆಯುವವರಿಗೇ 1974ರಲ್ಲಿ ಕಾಡು ಅಭಯಾರಣ್ಯವಾಯಿತು, 2006ರ ಹೊತ್ತಿಗೆ ಕಿರು ಅರಣ್ಯ ಉತ್ಪನ್ನಗಳನ್ನು ಮುಟ್ಟಬಾರದೆಂಬ ನಿರ್ಬಂಧವೂ ಬಿತ್ತು. ಕಾಡಿಗೆ ಋಣಿಯಾಗಿದ್ದವರು ‘ಸಿಕ್ಕಷ್ಟೇ ಸಾಕು’ ಎಂದು ಸುಮ್ಮನಾಗಲಿಲ್ಲ. ಅರಣ್ಯ ಹಕ್ಕು ಕಾಯ್ದೆ ಹಿಡಿದು ಗ್ರಾಮಸಭೆಗಳಲ್ಲಿ ಅರ್ಜಿ ಹಾಕಿದರು. ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ 2011ರಲ್ಲೇ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಯಾವ ಮರದಿಂದ ಏನು ಬರುತ್ತದೆ ಎಂದು ಬಲ್ಲವರಿಗೇ ಏನು ಕೈತಪ್ಪಿತು ಎಂಬುದೂ ಮೊದಲು ತಿಳಿದದ್ದು. ಋಣಭಾರ ಜನರನ್ನು ಮೆತ್ತಗಾಗಿಸುತ್ತದೆ ಎನ್ನುವವರು ಇದನ್ನು ಹೇಗೆ ವಿವರಿಸುತ್ತಾರೋ ಗೊತ್ತಿಲ್ಲ.

ಹೀಗೆ ಎಲ್ಲಕ್ಕೂ ‘ಏಕೆ’ ಎನ್ನುತ್ತಾ ಕೂತರೆ ಮನಶ್ಶಾಂತಿ ಎಲ್ಲಿ ಉಳಿಯುತ್ತದೆ ಎಂದು ಕೇಳುವವರೂ ಇದ್ದಾರೆ. ಗೊಣಗಾಟಕ್ಕೂ ಸೋಜಿಗಕ್ಕೂ ವ್ಯತ್ಯಾಸವಿದೆ: ಗೊಣಗುವವನಿಗೆ ಕೇಳುವ ಕಿವಿ ಸಿಕ್ಕರೆ ಸಾಕು, ಸೋಜಿಗಪಟ್ಟವನಿಗೆ ಉತ್ತರ ಬೇಕು. ಕೊಳ್ಳೇಗಾಲದ ಪಕ್ಕದ ಶಿವನಸಮುದ್ರವನ್ನೇ ತೆಗೆದುಕೊಳ್ಳಿ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಉರಿಸಿತು. ಪಕ್ಕದ ಊರು ಬಿಟ್ಟು ದೂರದ ಗಣಿ ಮೊದಲಾದದ್ದೇಕೆ ಎಂದು ಸಿಟ್ಟಾಗುವುದು ಸುಲಭ. ಕೆದಕಿದರೆ ಲೆಕ್ಕ ಸಿಗುತ್ತದೆ: ಹಣ ಕೊಟ್ಟು ಕೊಳ್ಳುವ ದೊಡ್ಡ ಗಿರಾಕಿಯಿದ್ದದ್ದು ಗಣಿಯಲ್ಲಿ. ಯೋಜನೆ ಮೈಸೂರು ಸಂಸ್ಥಾನದ್ದು, ಕೊಳ್ಳೇಗಾಲವಾದರೋ 1956ರ ನವೆಂಬರ್ 1ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಉತ್ತರ ಸಿಕ್ಕಿದ್ದರಿಂದ ಅನ್ಯಾಯ ಅಳಿಸಿಹೋಗುವುದಿಲ್ಲ. ಆದರೆ ಮುಂದಿನ ಪ್ರಶ್ನೆಯನ್ನು ಯಾರ ಮುಂದೆ ಇಡಬೇಕೆಂದು ತಿಳಿಯುತ್ತದೆ.

ನೆರೆಯವನು ಕೊಟ್ಟ ಮಜ್ಜಿಗೆ ಕೊಡುಗೆ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಊರಿಗೊಂದು ರಸ್ತೆ ಸರ್ಕಾರದ ಕರ್ತವ್ಯ. ಅದನ್ನು ಕೊಡುಗೆಯೆಂಬಂತೆ ಫಲಕ ಹಾಕಿ, ಹಾರ ಹಾಕಿಸಿಕೊಳ್ಳುವ ನಮ್ಮ ಪದ್ಧತಿಯೇ ಈ ಗೊಂದಲದ ಮೂಲ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯಂದು ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮೂಲಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕಾರವಾಗಿ, ಘರ್ಷಣೆ ನಡೆದು ಮತಯಂತ್ರ ಪುಡಿಯಾಯಿತು. ಯಂತ್ರ ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ಯಂತ್ರದ ಬದಲಿಗೆ ಇನ್ನೊಂದು ಬಂದು ಮರುಮತದಾನ ನಡೆಯಲು ಮೂರೇ ದಿನ ಸಾಕಾಯಿತು. ಹಳ್ಳಿಯವರ ಬೇಡಿಕೆ ಅದಕ್ಕಿಂತ ಎಷ್ಟೋ ಹಳೆಯದು.