ಟೆಲಿಫೋನ್ ತಂತಿಯಲ್ಲಿ ಸಿಕ್ಕ ಜರಡಿ

1912ರ ಏಪ್ರಿಲ್ 14, ರಾತ್ರಿ ಹನ್ನೊಂದರ ಹೊತ್ತು. ಟೈಟಾನಿಕ್ ಹಡಗಿನ ವೈರ್‌ಲೆಸ್ ಕೋಣೆಯಲ್ಲಿ ಜಾಕ್ ಫಿಲಿಪ್ಸ್ ಹೆಡ್‌ಫೋನ್ ಹಾಕಿಕೊಂಡು ಪ್ರಯಾಣಿಕರ ಸಂದೇಶಗಳನ್ನು ನ್ಯೂಫೌಂಡ್‌ಲ್ಯಾಂಡಿನ ಕೇಪ್ ರೇಸ್ ಠಾಣೆಗೆ ಕಳಿಸುತ್ತಿದ್ದ. ಠಾಣೆ ನೂರಾರು ಮೈಲಿ ದೂರ. ಅದರ ದನಿ ಕೇಳಿಯೂ ಕೇಳದಂತಿತ್ತು. ಅಷ್ಟರಲ್ಲಿ, ಬಲು ಹತ್ತಿರದಲ್ಲೇ ಹಿಮದ ನಡುವೆ ನಿಂತಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಆಪರೇಟರ್ ಸಿರಿಲ್ ಇವಾನ್ಸ್, ಸುತ್ತಲೂ ಹಿಮ, ನಾವು ನಿಂತುಬಿಟ್ಟಿದ್ದೇವೆ ಎಂದು ತಿಳಿಸಲು ಕೀ ಒತ್ತಿದ. ಫಿಲಿಪ್ಸನ ಕಿವಿ ಗಡಚಿಕ್ಕಿತು, ಕೇಪ್ ರೇಸ್ ಮುಚ್ಚಿಹೋಯಿತು. ಸುಮ್ಮನಿರು, ಕೆಲಸದಲ್ಲಿದ್ದೇನೆ ಎಂದು ಅವನು ಗದರಿದ. ಇವಾನ್ಸ್ ಸ್ವಲ್ಪ ಹೊತ್ತು ಕೇಳಿಸಿಕೊಂಡಿದ್ದು, ಹನ್ನೊಂದೂವರೆಯ ಹೊತ್ತಿಗೆ ಸೆಟ್ ಆಫ್ ಮಾಡಿ ಮಲಗಿದ. 11.40ಕ್ಕೆ ಟೈಟಾನಿಕ್ ಹಿಮಬಂಡೆಗೆ ತಾಗಿತು.

ಫಿಲಿಪ್ಸನನ್ನು ದುರಹಂಕಾರಿ ಎಂದು ಬಯ್ದವರು ಬಹಳ. ನನಗೇನೋ ಅದು ಅನ್ಯಾಯವೆನಿಸುತ್ತದೆ. ಪಕ್ಕದವನು ಕೂಗಿದಾಗಲೂ ದೂರದವನ ಮಾತನ್ನು ಉಳಿಸಿಕೊಳ್ಳುವ ಉಪಾಯ ಅವನ ಮೇಜಿನ ಮೇಲೆ ಇರಲಿಲ್ಲ. ಆಗಿನ ಹಡಗಿನ ಟ್ರಾನ್ಸ್‌ಮಿಟರ್‌ಗಳೆಲ್ಲ ಕಿಡಿ ಹಾರಿಸಿ ಅಲೆ ಎಬ್ಬಿಸುವ ಯಂತ್ರಗಳು. ತಮ್ಮ ಫ್ರೀಕ್ವೆನ್ಸಿಯಲ್ಲಿ ನಿಲ್ಲದೆ ಅಕ್ಕಪಕ್ಕದ ಜಾಗವನ್ನೂ ಆಕ್ರಮಿಸುತ್ತಿದ್ದವು. ಹನ್ನೊಂದು ವರ್ಷ ಹಿಂದೆ, 1901ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದಲ್ಲೂ ಇದೇ ಆಗಿತ್ತು. ಮಾರ್ಕೋನಿ, ಡಿ ಫಾರೆಸ್ಟ್ ಮತ್ತು ಮೂರನೆಯದೊಂದು ಕಂಪನಿ ಒಟ್ಟಿಗೆ ವೈರ್‌ಲೆಸ್‌ನಲ್ಲಿ ವರದಿ ಕಳಿಸಲು ಹೊರಟು ಒಬ್ಬರ ಸುದ್ದಿಯನ್ನು ಇನ್ನೊಬ್ಬರು ಕೆಡಿಸಿದರು. ಮೂರನೆಯವರಂತೂ ಬೇಕೆಂದೇ ಕೆಡಿಸಿದವರು. ಕೊನೆಗೆ ಕೀ ಮೇಲೆ ಭಾರ ಹೇರಿ ಬಿಟ್ಟರಂತೆ!

ಹಾಗೆಂದು ಇದಕ್ಕೊಂದು ಮದ್ದನ್ನು ಯಾರೂ ಯೋಚಿಸಿಯೇ ಇರಲಿಲ್ಲ ಎಂದಲ್ಲ. ಲಿವರ್‌ಪೂಲಿನ ಆಲಿವರ್ ಲಾಡ್ಜ್ 1889ರಲ್ಲೇ ಒಂದು ಚಂದದ ಪ್ರಯೋಗ ತೋರಿಸಿದ್ದ. ವಿದ್ಯುತ್ ಹಿಡಿದಿಡುವ ಎರಡು ಲೇಡನ್ ಜಾಡಿಗಳು, ಎರಡಕ್ಕೂ ಒಂದೊಂದು ತಂತಿಯ ಕುಣಿಕೆ, ನಡುವೆ ಬರೀ ಗಾಳಿ. ಮೊದಲ ಜಾಡಿಯಲ್ಲಿ ಕಿಡಿ ಹಾರಿಸುತ್ತ, ಎರಡನೆಯದರ ಕುಣಿಕೆಯಲ್ಲಿರುವ ಸರಿಗಂಬಿಯನ್ನು ಹಿಂದೆ ಮುಂದೆ ಸರಿಸಬೇಕು. ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಎರಡನೆಯ ಜಾಡಿಯಲ್ಲೂ ಕಿಡಿ ಚಟಪಟಗುಟ್ಟುತ್ತದೆ. ತುಸು ಆಚೀಚೆಯಾದರೆ ಅದು ಸುಮ್ಮನಾಗುತ್ತದೆ. 1897ರಲ್ಲಿ ಲಾಡ್ಜ್ ಇದಕ್ಕೆ ಪೇಟೆಂಟ್ ಕೇಳಿದ. ಮಾರ್ಕೋನಿ 1900ರಲ್ಲಿ 7777 ಸಂಖ್ಯೆಯ ಪೇಟೆಂಟ್ ಪಡೆದ. ಟ್ಯೂನಿಂಗ್ ಬಂತು.

ಆದರೆ ಟ್ಯೂನ್ ಮಾಡಿದ ಒಂದು ಸರ್ಕ್ಯೂಟಿನ ಗ್ರಾಫ್ ಬರೆದು ನೋಡಿ: ಒಂದು ಶಿಖರ, ಎರಡು ಬದಿಗೂ ನಿಧಾನವಾಗಿ ಇಳಿಯುವ ಇಳಿಜಾರು. ಪಕ್ಕದ ಟ್ರಾನ್ಸ್‌ಮಿಟರ್ ಜೋರಾಗಿದ್ದರೆ ಆ ಇಳಿಜಾರಿನ ಮೇಲೆಯೇ ಹತ್ತಿ ಒಳಗೆ ಬರುತ್ತದೆ. ಶಿಖರವನ್ನು ಇನ್ನೂ ಮೊನಚು ಮಾಡೋಣವೆಂದರೆ, ಮನುಷ್ಯನ ಮಾತು ಒಂದೇ ಗೆರೆಯಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಒಂದಷ್ಟು ಅಗಲ ಬೇಕು. ಬೇಕಾಗಿದ್ದದ್ದು ನೆತ್ತಿ ಚಪ್ಪಟೆಯಾಗಿ, ಎರಡು ಬದಿಯೂ ಕಡಿದು ನಿಂತ ಆಕಾರ. ಅದು ಸಿಕ್ಕಿದ್ದು ರೇಡಿಯೊದವರಿಗೆ ಅಲ್ಲವೇ ಅಲ್ಲ, ಟೆಲಿಫೋನ್ ಕಂಪನಿಯ ಒಬ್ಬ ಗಣಿತಪ್ರಿಯನಿಗೆ.

ಜಾರ್ಜ್ ಕ್ಯಾಂಪ್‌ಬೆಲ್ 1897ರಲ್ಲಿ ಬೆಲ್ ಟೆಲಿಫೋನ್ ಕಂಪನಿಯ ಬಾಸ್ಟನ್ ಕಚೇರಿ ಸೇರಿದವನು. ದೂರದ ಊರಿಗೆ ಫೋನ್ ಮಾಡಿದರೆ ದನಿ ಕುಗ್ಗಿ ಕಲಸಿಹೋಗುತ್ತಿತ್ತು. ಅದಕ್ಕೆ ಮದ್ದು ಹುಡುಕುವುದು ಅವನ ಕೆಲಸ. ತಂತಿಗೆ ಇಂಡಕ್ಟನ್ಸ್ ಸೇರಿಸಿದರೆ ದನಿ ಉಳಿಯುತ್ತದೆಂದು ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1887ರಲ್ಲೇ ಲೆಕ್ಕ ಕೊಟ್ಟಿದ್ದ. ಆದರೆ ಮೈಲಿಗಟ್ಟಲೆ ತಂತಿಗೆ ಅದನ್ನು ಉದ್ದಕ್ಕೂ ಸೇರಿಸುವುದು ಹೇಗೆ? ಅಲ್ಲಲ್ಲಿ ಒಂದೊಂದು ಸುರುಳಿ ಇಟ್ಟರೂ ಸಾಕು, ಲೆಕ್ಕದ ಅಂತರದಲ್ಲಿಡಬೇಕು ಎಂದು ಕ್ಯಾಂಪ್‌ಬೆಲ್ 1899ರಲ್ಲಿ ತೋರಿಸಿದ. ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕಲ್ ಪ್ಯುಪಿನ್ ಅದೇ ಹೊತ್ತಿಗೆ ಅದನ್ನೇ ಕಂಡುಕೊಂಡಿದ್ದ, ಅರ್ಜಿಯನ್ನೂ ಮೊದಲು ಹಾಕಿದ. ಪೇಟೆಂಟ್ ವ್ಯಾಜ್ಯದಲ್ಲಿ ಕ್ಯಾಂಪ್‌ಬೆಲ್ ಸೋತ. ಪ್ಯುಪಿನ್‌ಗೆ ಕಂಪನಿ ಕೊಟ್ಟ ಹಣ ಎಲ್ಲ ಕಂತು ಸೇರಿ ನಾಲ್ಕು ಲಕ್ಷ ಡಾಲರ್ ದಾಟಿತು.

ಸೋತವನ ಲೆಕ್ಕದ ಪುಸ್ತಕದಲ್ಲಿ ಒಂದು ಕಿರಿಕಿರಿ ಉಳಿದಿತ್ತು. ಒಂದು ಅಲೆಯ ಉದ್ದದೊಳಗೆ ಮೂರು ನಾಲ್ಕು ಸುರುಳಿಗಳಾದರೂ ಬಂದರೆ ಅಲೆ ಸಲೀಸಾಗಿ ದಾಟುತ್ತದೆ. ಫ್ರೀಕ್ವೆನ್ಸಿ ಏರಿಸುತ್ತ ಹೋದರೆ ಅಲೆ ಗಿಡ್ಡವಾಗುತ್ತ ಬರುತ್ತದೆ, ಅದರೊಳಗೆ ಬರುವ ಸುರುಳಿಗಳೂ ಕಡಿಮೆಯಾಗುತ್ತವೆ. ಒಂದು ಮಿತಿ ಮೀರಿತೋ, ಅಲೆ ಅಲ್ಲೇ ನಿಲ್ಲುತ್ತದೆ. ಮೆಲ್ಲಗೆ ಕುಗ್ಗುವ ಮಾತೇ ಇಲ್ಲ, ಕತ್ತರಿಸಿದಂತೆ ನಿಲ್ಲುತ್ತದೆ. ಟೆಲಿಫೋನ್ ತಂತಿಯ ಮಟ್ಟಿಗೆ ಇದು ದೋಷ. ಸುರುಳಿಗಳನ್ನು ಇನ್ನಷ್ಟು ಹತ್ತಿರ ಇಟ್ಟು ಮಿತಿಯನ್ನು ಮೇಲಕ್ಕೆ ತಳ್ಳಿ ಮರೆಯಬಹುದಿತ್ತು. ಕ್ಯಾಂಪ್‌ಬೆಲ್ 1903ರ ಪ್ರಬಂಧದಲ್ಲಿ ಅದನ್ನು ಬರೆದಿಟ್ಟ, ಮರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಆ ದೋಷವನ್ನೇ ಯಂತ್ರ ಮಾಡಿದ: ಮೈಲಿಗಟ್ಟಲೆ ತಂತಿಯ ಬದಲು ಮೇಜಿನ ಮೇಲೆ ಕೆಲವೇ ಸುರುಳಿ, ಕೆಲವೇ ಕೆಪಾಸಿಟರ್. ಸುರುಳಿ ಸಾಲಿನಲ್ಲಿ, ಕೆಪಾಸಿಟರ್ ಅಡ್ಡಕ್ಕೆ ಇದ್ದರೆ ತಗ್ಗಿನ ಫ್ರೀಕ್ವೆನ್ಸಿ ದಾಟುತ್ತದೆ. ಅದಲುಬದಲು ಮಾಡಿದರೆ ಎತ್ತರದ್ದು ದಾಟುತ್ತದೆ. ಎರಡನ್ನೂ ಹದವಾಗಿ ಬೆರೆಸಿದರೆ ನಡುವಿನ ಒಂದು ಪಟ್ಟಿ ಮಾತ್ರ. ದಪ್ಪ ಕಾಳು, ನುಚ್ಚು ಎರಡನ್ನೂ ಬಿಟ್ಟು ಬೇಕಾದ ಗಾತ್ರವನ್ನಷ್ಟೇ ಹಿಡಿಯುವ ಜೋಡಿ ಜರಡಿ ಇದು, ಅಂದರೆ ಫಿಲ್ಟರ್. 1915ರಲ್ಲಿ ಅರ್ಜಿ, 1917ರಲ್ಲಿ ಪೇಟೆಂಟ್. ಈ ಸಲ ಗೆದ್ದ. ಮೊದಲ ಮಹಾಯುದ್ಧದ ಆಚೆ ಬದಿಯಲ್ಲಿ ಜರ್ಮನಿಯ ಕಾರ್ಲ್ ವಿಲ್ಲಿ ವ್ಯಾಗ್ನರ್ ಕೂಡ ತಾನಾಗಿಯೇ ಇದನ್ನು ತಲುಪಿದ್ದ.

ರೇಡಿಯೊಗೆ ಇದು ಒಗ್ಗಿದ್ದು ಇನ್ನೊಂದು ಉಪಾಯದಿಂದ. 1918ರಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಎಡ್ವಿನ್ ಆರ್ಮ್‌ಸ್ಟ್ರಾಂಗ್, ಯಾವ ಸ್ಟೇಷನ್ ಬಂದರೂ ಮೊದಲು ಅದನ್ನು ಒಂದೇ ನಿಗದಿತ ಫ್ರೀಕ್ವೆನ್ಸಿಗೆ ಇಳಿಸಿಕೊಳ್ಳುವ ರಿಸೀವರ್ ಕಟ್ಟಿದ. ಫಿಲ್ಟರನ್ನು ಆ ಒಂದು ಜಾಗಕ್ಕೆ ಒಮ್ಮೆ ಚೆನ್ನಾಗಿ ಮಾಡಿಟ್ಟರೆ ಆಯಿತು. ಮುಂದೆ ಸುರುಳಿಯ ಬದಲು ಕ್ವಾರ್ಟ್ಜ್ ಹರಳು ಬಂತು, ಬದಿ ಇನ್ನೂ ಕಡಿದಾಯಿತು.

ಇಷ್ಟಾದರೂ ಕ್ಯಾಲಿಫೋರ್ನಿಯನ್ ತೊಂದರೆ ತಪ್ಪಲಿಲ್ಲ. ಬೆಟ್ಟದ ಮೇಲಿನ ರಿಪೀಟರ್‌ನಲ್ಲಿ ಅದು ಮತ್ತೆ ಎದ್ದಿತು. ವಾಕಿಟಾಕಿಯ ಕ್ಷೀಣ ದನಿಯನ್ನು ಹಿಡಿದು, ಅದೇ ಕ್ಷಣ ಜೋರಾಗಿ ಮರುಪ್ರಸಾರ ಮಾಡುವುದು ರಿಪೀಟರ್ ಕೆಲಸ. ಆಂಟೆನಾ ಒಂದೇ. ಎರಡು ಮೀಟರ್ ಹ್ಯಾಮ್ (ಹವ್ಯಾಸಿ ರೇಡಿಯೊ) ಬ್ಯಾಂಡಿನಲ್ಲಿ ಒಳಬರುವುದಕ್ಕೂ ಹೊರಹೋಗುವುದಕ್ಕೂ ಅಂತರ 0.6 ಮೆಗಾಹರ್ಟ್ಜ್ ಅಷ್ಟೇ. ಹೊರಹೋಗುವುದು 50 ವಾಟ್ ಎಂದುಕೊಳ್ಳಿ. ಒಳಬರುವುದು ಒಂದು ವಾಟ್‌ನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು ಇರಬಹುದು. ಒಂದಕ್ಕೊಂದು ಭಾಗಿಸಿದರೆ 5ರ ಮುಂದೆ 16 ಸೊನ್ನೆ! ಸೆಟ್ಟಿನ ಒಳಗಿರುವ ಹರಳಿನ ಫಿಲ್ಟರ್ ತನಕ ತಲುಪುವ ಮೊದಲೇ ಬಾಗಿಲಿನ ಆಂಪ್ಲಿಫೈಯರ್ ಆ ಹೊಡೆತಕ್ಕೆ ಕಿವುಡಾಗುತ್ತದೆ.

ಇದಕ್ಕೆ ಉತ್ತರ ಕ್ಯಾವಿಟಿ. ನೋಡಲು ಖಾಲಿ ಡಬ್ಬ. 1930ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ವಿಲಿಯಂ ಹ್ಯಾನ್ಸನ್ ಪೊಳ್ಳು ಲೋಹದ ಪಾತ್ರೆಯೊಳಗೆ ಅಲೆಯನ್ನು ಅನುರಣಿಸಿ, ಬಲು ಕಡಿಮೆ ನಷ್ಟದಲ್ಲಿ ಮೊನಚು ಟ್ಯೂನಿಂಗ್ ಸಾಧಿಸಬಹುದೆಂದು ತೋರಿಸಿದ್ದ. ರಿಪೀಟರ್ ಡಬ್ಬದ ನಡುವೆ ಒಂದು ಕಂಬಿ ಇರುತ್ತದೆ, ಉದ್ದ ಅಲೆಯ ಕಾಲುಭಾಗ. ಎರಡು ಮೀಟರಿಗೆ ಸುಮಾರು ಅರ್ಧ ಮೀಟರ್. ಒಳಮೈಗೆ ಬೆಳ್ಳಿಯ ಲೇಪ. ಡಬ್ಬದ ತಲೆಯ ಮೇಲಿರುವ, ಹೊಂದಿಸುವ ಕಂಬಿಯನ್ನು ಕೂದಲೆಳೆಯಷ್ಟು ಸರಿಸಿದರೂ ಟ್ಯೂನಿಂಗ್ ತಪ್ಪುತ್ತದೆ. ಬಿಸಿಲಿಗೆ ಹಿಗ್ಗದಿರಲೆಂದು ಅದನ್ನು ಇನ್ವಾರ್ ಮಿಶ್ರಲೋಹದಲ್ಲಿ ಮಾಡುತ್ತಾರೆ. ಇಂಥ ನಾಲ್ಕೋ ಆರೋ ಡಬ್ಬ ಸೇರಿದರೆ ಡುಪ್ಲೆಕ್ಸರ್. ಅರ್ಧ ಡಬ್ಬಗಳು ರಿಸೀವರನ್ನು ಟ್ರಾನ್ಸ್‌ಮಿಟರಿನ ಅಬ್ಬರದಿಂದ ಕಾಯುತ್ತವೆ. ಉಳಿದರ್ಧ ಟ್ರಾನ್ಸ್‌ಮಿಟರಿಗೆ ಕಾವಲು, ಏಕೆಂದರೆ ಅದು ತನ್ನ ಫ್ರೀಕ್ವೆನ್ಸಿಯ ಜೊತೆಗೆ ಸುತ್ತಮುತ್ತ ಸಣ್ಣ ಗೊರಗೊರವನ್ನೂ ಚೆಲ್ಲುತ್ತದೆ. ರಿಸೀವರಿನ ಫ್ರೀಕ್ವೆನ್ಸಿಯ ಮೇಲೆಯೇ ಬಿದ್ದ ಗೊರಗೊರವನ್ನು ರಿಸೀವರ್ ಕಡೆಯ ಯಾವ ಫಿಲ್ಟರೂ ತೆಗೆಯಲಾರದು.

ತೆಗೆಯಲಾಗದ್ದು ಇನ್ನೂ ಒಂದಿದೆ. 145.0 ಮತ್ತು 145.3 ಮೆಗಾಹರ್ಟ್ಜ್‌ನ ಎರಡು ಜೋರು ದನಿಗಳು ಯಾವುದಾದರೂ ಟ್ರಾನ್ಸ್‌ಮಿಟರಿನ ಆಂಪ್ಲಿಫೈಯರಿನಲ್ಲಿ, ಕೆಲವೊಮ್ಮೆ ಟವರಿನ ತುಕ್ಕು ಹಿಡಿದ ಬೋಲ್ಟಿನಲ್ಲೂ, ಬೆರೆತು 144.7ರಲ್ಲಿ ಯಾರೂ ಆಡದ ಮಾತನ್ನು ಹುಟ್ಟಿಸುತ್ತವೆ. ಬೋಲ್ಟಿನಲ್ಲಿ ಹುಟ್ಟಿದ್ದಾದರೆ ಅದನ್ನು ಉಜ್ಜಿ ಬಿಗಿ ಮಾಡುವುದೇ ದಾರಿ.

ಹೊಸದಾಗಿ ಹ್ಯಾಮ್ ಲೈಸೆನ್ಸ್ ಪಡೆದವರಿಗೆ ಒಂದು ಮಾತು. ಬೆಂಗಳೂರಿನಂಥ ಊರಿನಲ್ಲಿ ಎಫ್‌ಎಂ ಟವರ್ ಪಕ್ಕದಲ್ಲೇ ನಿಮ್ಮ ಮನೆಯಿದ್ದು, ಮಾಳಿಗೆಯ ಆಂಟೆನಾ ಜೋಡಿಸಿದ ಕೂಡಲೇ ಸೆಟ್ ಮಂಕಾದರೆ, ಆಂಪ್ಲಿಫೈಯರ್ ತರಲು ಅಂಗಡಿಗೆ ಓಡಬೇಡಿ. ಅದರಿಂದ ತೊಂದರೆ ಹೆಚ್ಚುತ್ತದೆ. 88ರಿಂದ 108 ಮೆಗಾಹರ್ಟ್ಜ್ ತಡೆಯುವ ಒಂದು ಫಿಲ್ಟರನ್ನು ಆಂಟೆನಾಕ್ಕೂ ಸೆಟ್ಟಿಗೂ ನಡುವೆ ಹಾಕಿ ನೋಡಿ. ಕೆಲವೇ ಸುರುಳಿ, ಕೆಲವೇ ಕೆಪಾಸಿಟರ್, ಮನೆಯಲ್ಲೇ ಮಾಡಿಕೊಳ್ಳಬಹುದು.