ಜೋಡುನಳಿಗೆಯ ಕೋವಿ: ಎರಡನೆಯ ಈಡಿನ ಬೆಲೆ

ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂಬ ಮಾಲೆಯಾಗಿ ಕನ್ನಡಕ್ಕೆ ತಂದ ಮೇಲೆ ಆ ಪುಸ್ತಕಗಳು ಹೊಗದ ಕನ್ನಡದ ಮನೆಗಳು ವಿರಳವೆಂದೇ ಹೇಳಬೇಕು. ಬೆಂಗಳೂರು, ಮೈಸೂರುಗಳ ಓದುಗರಿಗೆ ಅವು ದೂರದ ಕಾಡಿನ ರೋಚಕ ಕಥೆಗಳು. ಗಡಿಯ ಈಚೆಗಿರುವ ನಮಗೆ ಹಾಗಲ್ಲ. ಜವಳಗಿರಿ, ಗುಮ್ಮಳಾಪುರ, ಅಂಚೆಟ್ಟಿ, ಪೆನ್ನಾಗರ, ಹೊಗೇನಕಲ್ಲು ಇವೆಲ್ಲ ನಾವು ಹೆಣ್ಣು ಕೊಟ್ಟು ತಂದ ಊರುಗಳು, ಜಾತ್ರೆಗೆ ಹೋಗಿಬಂದ ಊರುಗಳು. ಆಂಡರ್ಸನ್ ಅವರು ಅಲ್ಲಿ ಅಲೆದಾಡುತ್ತಿದ್ದ ದಿನಗಳಲ್ಲಿ ಅವೆಲ್ಲವೂ ಸೇಲಂ ಜಿಲ್ಲೆಗೇ ಸೇರಿದ್ದವು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ, ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಶಂಕಗಿರಿಯಿಂದ ಮೇಟೂರಿನ ಮಾರ್ಗವಾಗಿ ಪೆನ್ನಾಗರಕ್ಕೆ ಹೊರಟರೆ ಅರ್ಧ ದಿನದ ಪಯಣವೂ ಅಲ್ಲ.

ಈ ಕಥೆಗಳನ್ನು ಓದಿದ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ. ಅಷ್ಟೊಂದು ನರಭಕ್ಷಕಗಳನ್ನು ಬೆನ್ನಟ್ಟಿದವರು, ಆನೆಕೋವಿಯೆಂದು ಪ್ರಸಿದ್ಧವಾದ ಜೋಡುನಳಿಗೆಯ ರೈಫಲನ್ನು ಬಿಟ್ಟು, ‘.405 ವಿಂಚೆಸ್ಟರ್’ ಎಂಬ ಒಂಟಿನಳಿಗೆಯ ಕೋವಿಯನ್ನೇ ಏಕೆ ನೆಚ್ಚಿಕೊಂಡರು? ಪ್ರಶ್ನೆ ಸಣ್ಣದಾದರೂ ಉತ್ತರ ಸುಲಭವಲ್ಲ. ಅದಕ್ಕಾಗಿ ಜೋಡುನಳಿಗೆಯ ಕೋವಿಯ ಸ್ವರೂಪವನ್ನೇ ಸ್ವಲ್ಪ ವಿಚಾರಿಸಬೇಕಾಗುತ್ತದೆ.

ಜೋಡುನಳಿಗೆಯ ಕೋವಿ ನಮ್ಮ ಸೀಮೆಗೆ ಹೊಸದೇನಲ್ಲ. ಶಂಕಗಿರಿಯ ದುರ್ಗ 1792ರ ಶ್ರೀರಂಗಪಟ್ಟಣದ ಕೌಲಿನವರೆಗೆ ಮೈಸೂರಿನ ಅಧೀನದಲ್ಲಿದ್ದದ್ದು ವಾಚಕರಿಗೆ ತಿಳಿದೇ ಇದೆ. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪುಸುಲ್ತಾನನಿಗಾಗಿ ಜೋಡುನಳಿಗೆಯ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು. ಹುಲಿಯ ಮುಖದ ಅಲಂಕಾರವನ್ನು ಹೊತ್ತ ಅಂಥ ಕೋವಿಗಳು ಇಂದಿಗೂ ವಿಲಾಯತಿಯ ಸಂಗ್ರಹಗಳಲ್ಲಿವೆ. ಆದರೆ ಅವುಗಳ ಶಕ್ತಿ ದೊಡ್ಡ ಮೃಗಕ್ಕೆ ಸಾಲದು. ಮದ್ದಿನ ಕಾಲದಲ್ಲಿ ಶಕ್ತಿಯನ್ನು ಹೆಚ್ಚಿಸಬೇಕಾದರೆ ಗುಂಡಿನ ತೂಕವನ್ನು ಹೆಚ್ಚಿಸುವುದೊಂದೇ ದಾರಿಯಾಗಿತ್ತು. ಚಾಮರಾಜನಗರದ ಬಳಿಯ ಮೋರ್ಳೆಯಲ್ಲಿ ನೆಲಸಿ, ಮೈಸೂರಿನ ಖೆಡ್ಡಾಗಳನ್ನು ನಡೆಸಿದ ಸ್ಯಾಂಡರ್ಸನ್ ಸಾಹೇಬರ ಕಾಲದಲ್ಲಿ ಆನೆಬೇಟೆಗೆ 4 ಬೋರು, 8 ಬೋರುಗಳ ಕೋವಿಗಳು ಬಳಕೆಯಲ್ಲಿದ್ದವು. 4 ಬೋರು ಎಂದರೆ ಒಂದು ಪೌಂಡು ಸೀಸದಿಂದ ನಾಲ್ಕೇ ಗುಂಡು. ಅಂದರೆ ಒಂದೊಂದು ಗುಂಡೂ ಹತ್ತಿರ ಹತ್ತಿರ ಹತ್ತು ತೊಲ! ಅದನ್ನು ಹಾರಿಸಿದವನ ಹೆಗಲಿನ ಪಾಡನ್ನು ಊಹಿಸಿಕೊಳ್ಳಬಹುದು.

ಹೊಗೆಯಿಲ್ಲದ ಕಾರ್ಡೈಟ್ ಮದ್ದು ಬಂದ ಮೇಲೆ ಈ ಲೆಕ್ಕವೆಲ್ಲ ತಲೆಕೆಳಗಾಯಿತು. 1898ರಲ್ಲಿ ಲಂಡನ್ನಿನ ರಿಗ್ಬಿ ಸಂಸ್ಥೆ .450 ನೈಟ್ರೋ ಎಕ್ಸ್‌ಪ್ರೆಸ್ ಎಂಬ ತೋಟೆಯನ್ನು ಹೊರತಂದಿತು. ಗುಂಡು ಸಣ್ಣದಾಯಿತು, ವೇಗ ಹೆಚ್ಚಿತು, ಕೋವಿ ಹಗುರವಾಯಿತು. ಆದರೆ ಹತ್ತು ವರ್ಷ ಕಳೆಯುವುದರೊಳಗೆ, 1907ರಲ್ಲಿ, ಬ್ರಿಟಿಷ್ ಸರಕಾರ ಇದೇ ಅಳತೆಯ ಕೋವಿ ತೋಟೆಗಳನ್ನು ಭಾರತಕ್ಕೂ ಸೂಡಾನಿಗೂ ತರಕೂಡದೆಂದು ನಿಷೇಧಿಸಿತು. ಕಾರಣ ಹುಲಿಯೂ ಅಲ್ಲ, ಆನೆಯೂ ಅಲ್ಲ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳ ಅಳತೆಯೂ ಅದೇ. ಬೇಟೆಯ ಹೆಸರಿನಲ್ಲಿ ಬಂದ ಸಾಮಗ್ರಿ ದಂಗೆಕೋರರ ಕೈ ಸೇರೀತೆಂಬ ಭಯ ಅವರಿಗೆ. ಆಳುವವರ ಈ ಅಂಜಿಕೆಯಿಂದಲೇ .465, .470, .475 ಮೊದಲಾದ ಹೊಸ ಅಳತೆಗಳು ಹುಟ್ಟಿದವು. ಇಂದು ಆಫ್ರಿಕದಲ್ಲಿ ಜೋಡುನಳಿಗೆ ಹಿಡಿದವರೆಲ್ಲ ಕೊಂಡಾಡುವ .470ರ ಜನನಕ್ಕೆ ಮೂಲ ನಮ್ಮ ದೇಶದ ಕಾನೂನೆಂಬುದು ವಿನೋದದ ಸಂಗತಿಯಲ್ಲವೇ? ಅದರ ಗುಂಡು 500 ಗ್ರೇನು, ಎಂದರೆ ಮೂರು ತೊಲಕ್ಕೆ ತುಸು ಕಡಿಮೆ. ಆ ಕಾಲದ ಅತಿ ದೊಡ್ಡದಾದ .600ರ ಗುಂಡು 900 ಗ್ರೇನು, ಸರಿಯಾಗಿ ಐದು ತೊಲ.

ಜೋಡುನಳಿಗೆಯ ರೈಫಲೆಂದರೆ ಎರಡು ನಳಿಗೆಗಳನ್ನು ಅಂಟಿಸಿದ ಒಂದು ಕೋವಿಯೆಂದು ತಿಳಿಯುವುದು ಸರಿಯಲ್ಲ. ಒಂದೇ ಹಿಡಿಗೆ ಜೋಡಿಸಿದ ಎರಡು ಪ್ರತ್ಯೇಕ ಕೋವಿಗಳೆನ್ನುವುದೇ ಯುಕ್ತ. ಎರಡು ನಳಿಗೆ, ಎರಡು ಕುದುರೆ, ಎರಡು ಟ್ರಿಗರು. ಮುಂದಿನ ಟ್ರಿಗರನ್ನು ಎಳೆದರೆ ಬಲಗಡೆಯದು, ಹಿಂದಿನದನ್ನು ಎಳೆದರೆ ಎಡಗಡೆಯದು. ಒಂದರ ಸ್ಪ್ರಿಂಗು ಮುರಿಯಿತೆನ್ನಿ, ತೋಟೆ ಹುಸಿಯಾಯಿತೆನ್ನಿ, ಇನ್ನೊಂದು ಸಿದ್ಧವಾಗಿಯೇ ಇರುತ್ತದೆ. ಎರಡನೆಯ ಈಡಿಗಾಗಿ ಏನನ್ನೂ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕಾಗಿಲ್ಲ, ಕಣ್ಣನ್ನು ಮೃಗದಿಂದ ಕದಲಿಸಬೇಕಾಗಿಲ್ಲ. ಬೆರಳೊಂದು ಅರ್ಧ ಅಂಗುಲ ಹಿಂದೆ ಸರಿದರಾಯಿತು. ಹತ್ತು ಗಜದ ಪೊದೆಯಿಂದ ಗಾಯಗೊಂಡ ಹುಲಿ ಹಾರಿ ಬರುವಾಗ ಸಿಗುವ ಕಾಲಾವಕಾಶವೂ ಅಷ್ಟೇ.

ಇದರ ತಯಾರಿಕೆಯ ನಿಜವಾದ ಕಷ್ಟವಿರುವುದು ನಳಿಗೆಗಳನ್ನು ಹೊಂದಿಸುವುದರಲ್ಲಿ. ಎರಡನ್ನೂ ಸಮಾನಾಂತರವಾಗಿ ಕೂಡಿಸಿದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆಂದು ಯಾರಾದರೂ ಎಣಿಸಬಹುದು. ಹಾಗಾಗುವುದಿಲ್ಲ. ಬಲಗಡೆಯ ನಳಿಗೆ ಸಿಡಿದಾಗ, ಗುಂಡು ಬಾಯಿಯಿಂದ ಹೊರಬೀಳುವ ಮೊದಲೇ ಕೋವಿ ಒದ್ದುಕೊಂಡು ಮೇಲಕ್ಕೂ ಬಲಕ್ಕೂ ತಿರುಗುತ್ತದೆ. ಎಡಗಡೆಯದು ಸಿಡಿದಾಗ ಎಡಕ್ಕೆ. ಆದ್ದರಿಂದ ಬಾಯಿಯ ಕಡೆಗೆ ನಳಿಗೆಗಳು ಒಂದನ್ನೊಂದು ಸಮೀಪಿಸುವಂತೆ ಕೂಡಿಸಬೇಕು. ಎಷ್ಟು ಸಮೀಪಿಸಬೇಕೆಂಬುದನ್ನು ಕಾಗದದ ಮೇಲೆ ಪೂರ್ತಿಯಾಗಿ ಲೆಕ್ಕ ಹಾಕಲು ಸಾಧ್ಯವಿಲ್ಲ. ಕುಶಲಿಯಾದ ಕೆಲಸಗಾರ ಗುಂಡು ಹಾರಿಸಿ ನೋಡುತ್ತಾನೆ; ಬೆಸುಗೆಯನ್ನು ಕಾಯಿಸಿ, ನಡುವಿನ ಬೆಣೆಯನ್ನು ಕೂದಲೆಳೆಯಷ್ಟು ಸರಿಸುತ್ತಾನೆ; ಮತ್ತೆ ಹಾರಿಸಿ ನೋಡುತ್ತಾನೆ. ಐವತ್ತರಿಂದ ನೂರು ಗಜದ ದೂರದಲ್ಲಿ ಎರಡೂ ಗುಂಡು ಒಂದೆಡೆ ಬೀಳುವವರೆಗೆ ಈ ತಪಸ್ಸು ನಡೆಯುತ್ತದೆ. ಜೋಡುನಳಿಗೆಯ ಬೆಲೆಯಲ್ಲಿ ಬಹುಪಾಲು ಈ ತಾಳ್ಮೆಯ ಕೂಲಿಯೇ. ಯಾವ ತೋಟೆಗೆ ಹೊಂದಿಸಿದ್ದಾರೋ ಆ ತೋಟೆಯನ್ನು ಬಿಟ್ಟು ಬೇರೆಯದನ್ನು ಹಾಕಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಸಾಲದ್ದಕ್ಕೆ, ಕಾರ್ಡೈಟ್ ಮದ್ದು ಸೆಕೆಗೆ ಕೆರಳುವ ಜಾತಿಯದು. ಸೇಲಮ್ಮಿನ ಚಿತ್ರಿ ಬಿಸಿಲಿನಲ್ಲಿ ಒತ್ತಡ ಮಿತಿಮೀರಬಾರದೆಂದು ಭಾರತಕ್ಕೆ ಕಳುಹಿಸುವ ತೋಟೆಗಳಲ್ಲಿ ಮದ್ದನ್ನು ಕಡಿಮೆ ತುಂಬುತ್ತಿದ್ದರು.

ಜಿಮ್ ಕಾರ್ಬೆಟ್ ಅವರು ಜೋಡುನಳಿಗೆಯನ್ನು ನಂಬಿದವರು. 1907ರಲ್ಲಿ ಚಂಪಾವತದ ಹುಲಿಯನ್ನು ಎದುರಿಸಿದಾಗ ಅವರ ಕೈಯಲ್ಲಿದ್ದದ್ದು .500 ಅಳತೆಯ ಜೋಡುನಳಿಗೆ. ಜೇಬಿನಲ್ಲಿದ್ದದ್ದು ಮೂರೇ ತೋಟೆ. ಮೂರೂ ಮುಗಿದು, ಹುಲಿ ಇನ್ನೂ ಬದುಕಿದ್ದಾಗ, ಓಡಿಹೋಗಿ ತಹಸೀಲುದಾರರ ಕೋವಿಯನ್ನು ಎರವಲು ತರಬೇಕಾಯಿತು. 436 ಜನರನ್ನು ಕೊಂದಿತೆಂದು ಹೇಳಲಾದ ಆ ಹುಲಿಯ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು, ಅದೂ ಯಾರದೋ ಹಳೆಯ ಗುಂಡಿನೇಟಿನಿಂದ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಕೊಲ್ಲಲಾರದೆ ಗಾಯಮಾಡಿ ಬಿಟ್ಟ ಒಂದು ಈಡಿನ ಫಲವನ್ನು ಆ ಈಡು ಹೊಡೆದವನು ಉಣ್ಣಲಿಲ್ಲ. ಸೌದೆಗೆ, ಸೊಪ್ಪಿಗೆ ಹೋದ ಹೆಂಗಸರು ಉಂಡರು. ಆಂಡರ್ಸನ್ ಅವರ ಕಥೆಗಳಲ್ಲಿಯೂ ಬೇಲಿಯ ಮರೆಯಿಂದ ನಾಡಬಂದೂಕಿನಲ್ಲಿ ಚರೆ ಹೊಡೆದು ಕುಂಟು ಮಾಡಿದ ಪ್ರಾಣಿಗಳು ಮತ್ತೆ ಮತ್ತೆ ಬರುತ್ತವೆ. ಗುಮ್ಮಳಾಪುರದ ಚಿರತೆ 42 ಜನರನ್ನು ಬಲಿ ತೆಗೆದುಕೊಂಡಿತೆಂದು ಅವರು ಬರೆದಿದ್ದಾರೆ. ಸಂಜೆಯಾಗುತ್ತಲೇ ಬಾಗಿಲಿಗೆ ಅಗುಳಿ ಹಾಕಿ, ಮುಳ್ಳು ಒತ್ತರಿಸಿ ಕುಳಿತ ಆ ಮನೆಗಳಲ್ಲಿ ಆಡುತ್ತಿದ್ದ ಮಾತು ಕನ್ನಡವೇ.

ಇನ್ನು ಆಂಡರ್ಸನ್ ಅವರ ಕೋವಿ. ಅದು ಜಾನ್ ಬ್ರೌನಿಂಗ್ ಎಂಬ ಅಮೆರಿಕದ ಮೇಧಾವಿ ರಚಿಸಿದ 1895ರ ಮಾದರಿ. ಟ್ರಿಗರಿನ ಸುತ್ತಲಿನ ಹಿಡಿಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಹಳೆಯ ತೋಟೆ ಹಾರಿ ಹೊಸದು ಏರುತ್ತದೆ. ಗುಂಡು 300 ಗ್ರೇನು, ಸುಮಾರು ಒಂದೂಮುಕ್ಕಾಲು ತೊಲಕ್ಕೆ ಕಡಿಮೆ, ಶಕ್ತಿಯಲ್ಲಿ.470ರ ಮೂರರಲ್ಲೆರಡು ಪಾಲೂ ಇಲ್ಲ. ಆದರೆ ಒಮ್ಮೆ ತುಂಬಿದರೆ ಐದು ಈಡು. ತೂಕವೂ ಕಡಿಮೆ. ಹೊಗೇನಕಲ್ಲಿನ ಇಳಿಜಾರುಗಳಲ್ಲಿ, ಚಿನ್ನಾರು ಹಳ್ಳದ ಮರಳಿನಲ್ಲಿ ದಿನವೆಲ್ಲ ನಡೆಯುವವನಿಗೆ ಎರಡು ಪೌಂಡಿನ ವ್ಯತ್ಯಾಸ ಸಣ್ಣದಲ್ಲ. ಬೆಲೆಯಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ. ಒಂದು ಸಂಬಳದಾರನ ಕೋವಿ, ಇನ್ನೊಂದು ಸಂಸ್ಥಾನಿಕನದು. ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟರು 1909ರಲ್ಲಿ ಆಫ್ರಿಕಕ್ಕೆ ಹೋದಾಗ ಎರಡನ್ನೂ ಒಯ್ದಿದ್ದರು: ಸಿಂಹಕ್ಕೆ ಇದೇ .405, ಆನೆ ಖಡ್ಗಮೃಗಗಳಿಗೆ ಇಂಗ್ಲಿಷ್ ಗೆಳೆಯರು ಉಡುಗೊರೆಯಿತ್ತ ಹಾಲೆಂಡ್ ಜೋಡುನಳಿಗೆ. ಈ ಹಂಚಿಕೆ ವಿವೇಕದ್ದೆಂದೇ ನನ್ನ ಅಭಿಪ್ರಾಯ. ಹುಲಿ ಚಿರತೆಗಳಿಗೆ .405 ಧಾರಾಳವಾಗಿ ಸಾಕು. ಪುಂಡಾನೆಯ ಎದುರಿಗೆ ಅದನ್ನು ಹಿಡಿದು ನಿಲ್ಲಲು ಕೋವಿಗಿಂತ ಎದೆಗಾರಿಕೆ, ಅದಕ್ಕಿಂತಲೂ ಬೈರ, ರಂಗರಂಥ ಜೊತೆಗಾರರ ಕಾಡಿನ ಜ್ಞಾನ ಬೇಕಾಗಿತ್ತು.

ಜೋಡುನಳಿಗೆಯ ಕಾಲ ಮುಗಿಯಿತೆಂದೇ 1960ರ ದಶಕದಲ್ಲಿ ಎಲ್ಲರೂ ಬಗೆದಿದ್ದರು. ಇಂಗ್ಲೆಂಡಿನಲ್ಲಿ ದೊಡ್ಡ ತೋಟೆಗಳ ತಯಾರಿಕೆ ನಿಲ್ಲುತ್ತ ಬಂತು. ತೋಟೆಯಿಲ್ಲದ ಕೋವಿ ಗೋಡೆಯ ಅಲಂಕಾರ ಮಾತ್ರ. 1980ರ ದಶಕದ ಕೊನೆಗೆ ಅಮೆರಿಕದಲ್ಲಿ .470 ಮತ್ತೆ ತಯಾರಾಗತೊಡಗಿದ ಮೇಲೆ ಅದಕ್ಕೆ ಮರುಜೀವ ಬಂದಿತು. ಇಂದು ಹೆಚ್ಚು ಮಾರಾಟವಾಗುವವು ಜರ್ಮನಿಯ ಕೋವಿಗಳು. ಹೈಮ್ ಸಂಸ್ಥೆಯ 88ಬಿ ಹಳೆಯ ಇಂಗ್ಲಿಷ್ ಸಂಪ್ರದಾಯಕ್ಕೆ ನಿಷ್ಠವಾದುದು: ಮುಚ್ಚಿದೊಡನೆ ಎರಡೂ ಕುದುರೆ ಏರಿರುತ್ತವೆ, ಹೆಬ್ಬೆರಳಿನ ಕೆಳಗೆ ಸುರಕ್ಷಾ ಕೀಲು. ಕ್ರೀಗಾಫ್ ಸಂಸ್ಥೆಯವರು ಬೇರೆ ದಾರಿ ಹಿಡಿದರು. ಅವರ ‘ಕ್ಲಾಸಿಕ್’ನಲ್ಲಿ ಹೆಬ್ಬೆರಳಿನಿಂದ ಒಂದು ಗುಂಡಿಯನ್ನು ಮುಂದಕ್ಕೆ ಒತ್ತಿದರೆ ಮಾತ್ರ ಸ್ಪ್ರಿಂಗು ಬಿಗಿಯುತ್ತದೆ, ಒತ್ತದಿದ್ದರೆ ಕೋವಿ ತೋಟೆಯಿದ್ದೂ ಸಾಧು. ಕಲ್ಲು ಮುಳ್ಳಿನಲ್ಲಿ ಎಡವಿ ಬೀಳುವವನಿಗೆ ಇದಕ್ಕಿಂತ ಕ್ಷೇಮವಿಲ್ಲ. ಆದರೆ ಆ ಗುಂಡಿ ಬಿಗಿ. ಬೆವರಿದ ಹೆಬ್ಬೆರಳಿಗೆ, ಆನೆ ನುಗ್ಗುವ ಗಳಿಗೆಯಲ್ಲಿ, ಹಳೆಯ ಕೀಲೇ ಲೇಸೆಂದು ವಾದಿಸುವವರೂ ಉಂಟು. ಜೂಲಿನ ಮೆರ್ಕೆಲ್, ಫ್ರಾನ್ಸಿನ ಶಾಪ್ವಿ ಬೆಲೆಯಲ್ಲಿ ಸೌಮ್ಯ. ಲಂಡನ್ನಿನ ಹಾಲೆಂಡ್, ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಇವರ ಕೋವಿಗಳ ಬೆಲೆಗೆ ಊರಿನಲ್ಲಿ ಒಳ್ಳೆಯ ಮನೆಯನ್ನೇ ಕಟ್ಟಿಸಬಹುದು. ಕೆತ್ತನೆಯ ಚೆಲುವನ್ನು ಬದಿಗಿಟ್ಟು ನೋಡಿದರೆ, ಮೃಗದ ಮುಂದೆ ನಿಲ್ಲುವವನಿಗೆ ಹೈಮ್ ಕಡಿಮೆಯದೇನಲ್ಲ.

ಇದೆಲ್ಲ ನಮಗೆ ಓದಿನ ಸುಖಕ್ಕಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಈ ದೇಶದಲ್ಲಿ ಷಿಕಾರಿಗೆ ಅವಕಾಶವಿಲ್ಲ. 2019ರ ತಿದ್ದುಪಡಿಯ ಮೇಲೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿಗಳಿರುವಂತಿಲ್ಲ. ಅಜ್ಜನ ಕಾಲದ ಕೋವಿಯನ್ನು ಉಳಿಸಿಕೊಂಡ ಮನೆಗಳವರು ಪ್ರತಿ ಚುನಾವಣೆಯಲ್ಲಿಯೂ ಅದನ್ನು ಪೊಲೀಸು ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ಚೀಟಿ ತೋರಿಸಿ ಬಿಡಿಸಿಕೊಂಡು ಬರಬೇಕು. ಆಂಡರ್ಸನ್ ಅವರು ತಿರುಗಾಡಿದ ಕಾಡುಗಳು 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಎಂಬ ಅಭಯಾರಣ್ಯಗಳಾದವು.

ಆದರೆ ಆನೆ ಬರುವುದು ನಿಂತಿಲ್ಲ. ರಾಗಿ ತೆನೆ ಕಟ್ಟುವ ಹೊತ್ತಿಗೆ ಬನ್ನೇರುಘಟ್ಟದಿಂದ ಜವಳಗಿರಿಯ ಕಡೆಗೆ ಹಿಂಡುಗಳು ಇಳಿಯುತ್ತವೆ. ರಾತ್ರಿಯಿಡೀ ಅಟ್ಟಣೆಯ ಮೇಲೆ ತಮಟೆ ಬಡಿದು, ಬೆಳಗಾಗುವಾಗ ತುಳಿದ ಹೊಲವನ್ನು ನೋಡುವವನ ಸಂಕಟ ಪಟ್ಟಣದ ಪ್ರಾಣಿಪ್ರಿಯರಿಗೆ ಸುಲಭವಾಗಿ ಅರ್ಥವಾಗುವಂಥದಲ್ಲ. ಕೋವಿಯ ಜಾಗಕ್ಕೆ ಈಗ ತಂತಿ ಬಂದಿದೆ. 2023ರ ಮಾರ್ಚಿಯಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಹೊಲಕ್ಕೆ ಎಳೆದಿದ್ದ ಅಕ್ರಮ ವಿದ್ಯುತ್ ತಂತಿಗೆ ತಗಲಿ ಮೂರು ಹೆಣ್ಣಾನೆಗಳು ಸತ್ತವು. ಎರಡು ಮರಿಗಳು ಉಳಿದವು. ಜೋಡುನಳಿಗೆಯನ್ನು ಹಿಡಿದವನು ಯಾವ ಆನೆಯೆಂದು ನೋಡಿ, ಹೆಜ್ಜೆ ಅಳೆದು, ಇದೇ ಪುಂಡಾನೆಯೆಂದು ಖಚಿತಪಡಿಸಿಕೊಂಡು ಟ್ರಿಗರು ಎಳೆಯುತ್ತಿದ್ದನು. ತಂತಿಗೆ ಆ ಕಣ್ಣಿಲ್ಲ. ದನಕ್ಕೆ ಹುಲ್ಲು ತರಲು ಕತ್ತಲಲ್ಲಿ ಹೊರಟ ಮನೆಯವರನ್ನೂ ಅದು ಬಿಡುವುದಿಲ್ಲ.

ಕಾರ್ಬೆಟ್ ಅವರ .450/400 ಜೋಡುನಳಿಗೆ 2015ರಲ್ಲಿ ಅಮೆರಿಕದ ಹರಾಜೊಂದರಲ್ಲಿ ಎರಡೂವರೆ ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಚಂಪಾವತದ ಹುಲಿಯನ್ನು ಕೊಂದದ್ದಕ್ಕೆ ಅವರಿಗೆ ಬಹುಮಾನವಾಗಿ ಬಂದಿದ್ದ ಒಂಟಿನಳಿಗೆಯ .275 ರಿಗ್ಬಿಯನ್ನು ಮಾತ್ರ ಅದನ್ನು ತಯಾರಿಸಿದ ಸಂಸ್ಥೆಯವರೇ 2016ರಲ್ಲಿ ಒಮ್ಮೆ ಭಾರತಕ್ಕೆ ತಂದು, ಕಾರ್ಬೆಟ್ ನಡೆದಾಡಿದ ಊರುಗಳ ಜನರಿಗೆ ತೋರಿಸಿ, ಮತ್ತೆ ಲಂಡನ್ನಿಗೆ ಒಯ್ದರು.