ಗ್ರಾಮ ಪಂಚಾಯತಿಗಳಲ್ಲಿ ದೊಡ್ಡಸ್ತಿಕೆಯ ವರ್ತನೆ

ದೊಡ್ಡಸ್ತಿಕೆಯ ವರ್ತನೆ ಎಂದರೆ ಜೊತೆಯಲ್ಲಿ ಕೆಲಸ ಮಾಡುವವರನ್ನು ತಿಳಿವಳಿಕೆಯಲ್ಲಿ ಕಡಿಮೆಯವರೆಂದು ಎಣಿಸಿ, ಸಹಾಯದ ಹೆಸರಿನಲ್ಲಿ ಅವರ ನಿರ್ಧಾರವನ್ನು ತಾವೇ ಕೈಗೊಳ್ಳುವುದು. ಬೈಗುಳ, ಬೆದರಿಕೆಗಳಂತೆ ಇದು ಎದ್ದು ಕಾಣುವುದಿಲ್ಲವಾದ್ದರಿಂದ ಇದನ್ನು ಗುರುತಿಸುವುದೂ ಆಕ್ಷೇಪಿಸುವುದೂ ಕಷ್ಟ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗವೂ ಸೇರಿದಂತೆ ಕರ್ನಾಟಕದ ಗ್ರಾಮ ಪಂಚಾಯತಿ ಕಚೇರಿಗಳಲ್ಲಿ ಚುನಾಯಿತ ಮಹಿಳೆಯರ ಕುರಿತ ನಡವಳಿಕೆ ಇದಕ್ಕೆ ಸ್ಪಷ್ಟ ನಿದರ್ಶನವಾಗಿದೆ.

ಹಿನ್ನೆಲೆ

ಕರ್ನಾಟಕದ 1983ರ ಪಂಚಾಯತಿ ಕಾಯ್ದೆಯು ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿರಿಸಿತು. ಅದರಡಿ 1987ರಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ ಬಂದ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಈ ಪ್ರಮಾಣವನ್ನು ಮೂರನೆಯ ಒಂದಕ್ಕೆ ಏರಿಸಿತು. 2010ರ ತಿದ್ದುಪಡಿಯಿಂದ ಅದು ಶೇ. 50 ಆಯಿತು. ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. 2011ರ ಜನಗಣತಿಯಂತೆ ಇಲ್ಲಿನ ಮಹಿಳಾ ಸಾಕ್ಷರತೆ ಶೇ. 60ಕ್ಕಿಂತ ಕಡಿಮೆಯಿತ್ತು. ಅಕ್ಷರ ಬಾರದಿರುವುದನ್ನೇ ತಿಳಿವಳಿಕೆ ಇಲ್ಲದಿರುವುದೆಂದು ಭಾವಿಸುವ ರೂಢಿಯು ಈ ವರ್ತನೆಗೆ ಅವಕಾಶ ಮಾಡಿಕೊಡುತ್ತದೆ.

ಸ್ವರೂಪ

ಇದು ಮೊದಲು ಮಾತಿನಲ್ಲಿಯೇ ವ್ಯಕ್ತವಾಗುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಬರ್ರಿ’, ‘ಹೇಳ್ರಿ’ ಎಂಬ ರೂಪಗಳು ಗೌರವಸೂಚಕ. ಪುರುಷ ಸದಸ್ಯರಿಗೆ ಈ ರೂಪಗಳನ್ನು ಬಳಸಿ, ಅಧ್ಯಕ್ಷೆಯನ್ನು ‘ನೀ’ ಎಂದು ಏಕವಚನದಲ್ಲಿ ಮಾತನಾಡಿಸುವುದು ಸ್ಥಾನಮಾನವನ್ನು ಇಳಿಸುವ ಕ್ರಮವಾಗುತ್ತದೆ. ‘ತಂಗಿ’, ‘ಯವ್ವಾ’ ಎಂಬ ಸಂಬೋಧನೆಗಳು ಈ ಸೀಮೆಯಲ್ಲಿ ಸಹಜವಾದ ಅಕ್ಕರೆಯ ಮಾತುಗಳು. ಆದರೆ ಅವುಗಳ ಬೆನ್ನಿಗೆ ‘ನಿನಗ ಇದು ತಿಳಿಯಂಗಿಲ್ಲ, ಸಹಿ ಮಾಡು ಸಾಕು’ ಎಂಬ ಮಾತು ಬಂದಾಗ ಅರ್ಥ ಬದಲಾಗುತ್ತದೆ.

ಕಡತವನ್ನು ವಿವರಿಸದೆ ಸಹಿ ಕೇಳುವುದು, ಸಭೆಯ ಕಾರ್ಯಸೂಚಿಯನ್ನು ಅಧ್ಯಕ್ಷೆಯ ಬದಲು ಆಕೆಯ ಪತಿಯೊಂದಿಗೆ ಚರ್ಚಿಸುವುದು, ಡಿಜಿಟಲ್ ಸಹಿಯ ಸಾಧನವನ್ನು ಬೇರೆಯವರು ಇಟ್ಟುಕೊಳ್ಳುವುದು ಇದರ ಇತರ ರೂಪಗಳು. ಮಹಿಳಾ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಮತ್ತು ಸಿಬ್ಬಂದಿಯೂ ಸದಸ್ಯರಿಂದ ಇಂತಹ ವರ್ತನೆಯನ್ನು ಎದುರಿಸಬೇಕಾಗಬಹುದು.

ಪರಿಣಾಮ

ನಿರ್ಧಾರ ಯಾರದೇ ಆಗಿದ್ದರೂ ಅದರ ಹೊಣೆ ಸಹಿ ಮಾಡಿದವರ ಮೇಲೆ ಬೀಳುತ್ತದೆ. ಹಣ ಪಾವತಿಯಲ್ಲಿ ಲೋಪ ಕಂಡುಬಂದಾಗ ವಿಚಾರಣೆ ನಡೆಯುವುದು ಅಧ್ಯಕ್ಷೆಯ ಹೆಸರಿನಲ್ಲಿ. ದುರ್ನಡತೆ ಸಾಬೀತಾದರೆ ಅಧ್ಯಕ್ಷರನ್ನು ಸ್ಥಾನದಿಂದ ತೆಗೆದುಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಈ ಕಾರಣದಿಂದ ‘ನಿಮಗ್ಯಾಕ ತ್ರಾಸು’ ಎಂಬ ಉಪಚಾರದ ಮಾತು ಅಧಿಕಾರವನ್ನು ಕಸಿದುಕೊಂಡು ಹೊಣೆಯನ್ನು ಮಾತ್ರ ಉಳಿಸುತ್ತದೆ.

ಎದುರಿಸುವ ಕ್ರಮಗಳು

ವೈಯಕ್ತಿಕ ವಾಗ್ವಾದಕ್ಕಿಂತ ಕಚೇರಿಯ ಕಾರ್ಯವಿಧಾನವನ್ನು ಆಧರಿಸುವುದು ಹೆಚ್ಚು ಪರಿಣಾಮಕಾರಿ. ಕಡತವನ್ನು ಗಟ್ಟಿಯಾಗಿ ಓದಿಸಿ ಕೇಳಿದ ನಂತರವೇ ಸಹಿ ಮಾಡುವುದು, ಕಾರ್ಯಸೂಚಿಯ ಪ್ರತಿಯನ್ನು ಮೊದಲೇ ಪಡೆಯುವುದು, ಸಭೆಯಲ್ಲಿ ತನ್ನ ಆಕ್ಷೇಪಣೆಯನ್ನು ನಡವಳಿ ಪುಸ್ತಕದಲ್ಲಿ ದಾಖಲಿಸುವಂತೆ ಕೇಳುವುದು ಮತ್ತು ಠರಾವಿನ ಪ್ರತಿ ಇಟ್ಟುಕೊಳ್ಳುವುದು ಇವುಗಳಲ್ಲಿ ಮುಖ್ಯವಾದವು. ‘ಈ ವಿಷಯವನ್ನು ನನಗೇ ಹೇಳಿ’ ಎಂಬ ಒಂದೇ ಮಾತನ್ನು ಶಾಂತವಾಗಿ, ಪ್ರತಿ ಬಾರಿಯೂ ಹೇಳುವುದರಿಂದ ಮಾತುಕತೆ ಪತಿಯ ಕಡೆಗೆ ತಿರುಗುವುದನ್ನು ತಡೆಯಬಹುದು. ಒಬ್ಬಂಟಿಯಾಗಿ ಆಕ್ಷೇಪಿಸುವುದಕ್ಕಿಂತ ಮಹಿಳಾ ಸದಸ್ಯರು ಒಟ್ಟಾಗಿ ಕುಳಿತು, ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರು ಮುಂದುವರಿಸಿದಾಗ ಅದನ್ನು ತಳ್ಳಿಹಾಕುವುದು ಕಷ್ಟವಾಗುತ್ತದೆ. ವರ್ತನೆ ಮುಂದುವರಿದರೆ ದಿನಾಂಕ ಮತ್ತು ಆಡಿದ ಮಾತುಗಳ ಸಹಿತ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಬಳಿಕ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಲಿಖಿತ ದೂರು ಸಲ್ಲಿಸಬಹುದು.

ಕಾನೂನಿನ ನೆಲೆ

ದೊಡ್ಡಸ್ತಿಕೆಯ ಮಾತು ತನ್ನಷ್ಟಕ್ಕೆ ಅಪರಾಧವೆನಿಸುವುದಿಲ್ಲ. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೂ ಲೈಂಗಿಕ ಸ್ವರೂಪವಿಲ್ಲದ ತಾತ್ಸಾರಕ್ಕೆ ಅನ್ವಯಿಸುವುದಿಲ್ಲ. ಆದರೆ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989ಕ್ಕೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಈ ಸಮುದಾಯಗಳಿಗೆ ಸೇರದ ವ್ಯಕ್ತಿಯು ಈ ಸಮುದಾಯಗಳ ಪಂಚಾಯತಿ ಸದಸ್ಯರು ಅಥವಾ ಅಧ್ಯಕ್ಷರು ತಮ್ಮ ಕರ್ತವ್ಯ ನಿರ್ವಹಿಸದಂತೆ ತಡೆಯುವುದು ಅಪರಾಧ. ಚುನಾಯಿತ ಮಹಿಳೆಯರ ಬದಲು ಪತಿ ಅಥವಾ ಬಂಧುಗಳು ಅಧಿಕಾರ ನಡೆಸುವುದನ್ನು ಪರಿಶೀಲಿಸಲು ಕೇಂದ್ರ ಪಂಚಾಯತಿ ರಾಜ್ ಸಚಿವಾಲಯವು 2023ರಲ್ಲಿ ಸಲಹಾ ಸಮಿತಿಯೊಂದನ್ನು ನೇಮಿಸಿತು.